ಡೆಂಟಲ್ ಸೀಟು ತಪ್ಪಿದ ಮೇಲೆ: ಕಾಸರಗೋಡಿನ ಮಕ್ಕಳಿಗೆ ಮುಂದಿನ ವರ್ಷದ ತಯಾರಿ

ನೀಟ್ ಬರೆದಾಯ್ತು, ಪಾಸೂ ಆಯ್ತು, ಆದರೆ ಬಿಡಿಎಸ್ (ದಂತವೈದ್ಯ ಪದವಿ) ಸೀಟು ಸಿಗಲಿಲ್ಲ. ಅಲಾಟ್‌ಮೆಂಟ್ ಮುಗಿಯುವ ಹೊತ್ತಿಗೆ ಕುಂಬಳೆ, ಬದಿಯಡ್ಕ, ಉಪ್ಪಳ, ಮಂಜೇಶ್ವರ ಕಡೆಯ ಎಷ್ಟೋ ಮನೆಗಳಲ್ಲಿ ಇದೇ ಮಾತು. ಇನ್ನೊಂದು ವರ್ಷ ಪ್ರಯತ್ನಿಸೋಣ ಅಂತಿರುವ ಮಕ್ಕಳಿಗೆ ಮತ್ತು ಅವರ ಅಪ್ಪ-ಅಮ್ಮನಿಗೆ ಈ ಬರಹ.

ಸೀಟು ಸಿಗದವರೆಲ್ಲ "ಮಾರ್ಕು ಸಾಕಾಗಲಿಲ್ಲ" ಅನ್ನುತ್ತಾರೆ. ಹಲವರ ವಿಷಯದಲ್ಲಿ ಅದು ನಿಜವೇ. ಆದರೆ ಗಡಿನಾಡಿನ ಮಕ್ಕಳ ಕಥೆ ಸ್ವಲ್ಪ ಬೇರೆ. ನಮಗೆ ಮೂರು ಕಡೆ ಅವಕಾಶ ಇದೆ: ಕೇರಳ, ಕರ್ನಾಟಕ, ಅಖಿಲ ಭಾರತ. ಇವುಗಳಲ್ಲಿ ಎರಡಕ್ಕೆ ಬೇಕಾದ ಕೆಲಸ ನೀಟ್ ಪರೀಕ್ಷೆಗೂ ಮೊದಲೇ ಮುಗಿದಿರಬೇಕು. ನೀಟ್ ಸಾಮಾನ್ಯವಾಗಿ ಇರುವುದು ಮೇ ತಿಂಗಳಲ್ಲಿ, ಫಲಿತಾಂಶ ಜೂನ್‌ನಲ್ಲಿ. ಫಲಿತಾಂಶ ಬಂದ ಮೇಲೆ ಅರ್ಜಿ ಹಾಕೋಣ ಅಂತ ಕಾದವರಿಗೆ ಆ ಎರಡೂ ಕಡೆ ಜಾಗ ಇರುವುದಿಲ್ಲ. ಒಳ್ಳೆಯ ಮಾರ್ಕು ಕೈಯಲ್ಲಿದ್ದೂ ಸೀಟು ಕಳೆದುಕೊಂಡವರು ನಮ್ಮಲ್ಲಿದ್ದಾರೆ. ನನಗೆ ಜಾಸ್ತಿ ಬೇಸರ ತರುವುದು ಇದೇ. ಸ್ವಲ್ಪ ಮುಂಚೆ ಗೊತ್ತಿದ್ದರೆ ತಪ್ಪಿಸಬಹುದಾಗಿದ್ದ ನಷ್ಟ ಇದು.

ಹಾಗಾಗಿ ಕೋಚಿಂಗ್ ಸೆಂಟರಿಗೆ ಫೀಸ್ ಕಟ್ಟುವ ಮೊದಲು ಒಂದು ಕೆಲಸ ಮಾಡಿ.

ಮೊದಲು: ಸೀಟು ಎಲ್ಲಿ ತಪ್ಪಿತು?

ಒಂದು ಹಾಳೆ ತೆಗೆದುಕೊಳ್ಳಿ. ನೀಟ್ ಮಾರ್ಕು, ಅಖಿಲ ಭಾರತ ರ‍್ಯಾಂಕು, ಕೇರಳದ ಮೆಡಿಕಲ್ ರ‍್ಯಾಂಕು, ಕರ್ನಾಟಕದಲ್ಲೂ ಅರ್ಜಿ ಹಾಕಿದ್ದರೆ ಅಲ್ಲಿನ ರ‍್ಯಾಂಕು, ಎಲ್ಲವನ್ನೂ ಬರೆಯಿರಿ. ಅದರ ಎದುರು ನಿಮಗೆ ಬೇಕಾಗಿದ್ದ ಕಾಲೇಜುಗಳಲ್ಲಿ ನಿಮ್ಮ ವಿಭಾಗಕ್ಕೆ ಕೊನೆಯ ಸೀಟು ಯಾವ ರ‍್ಯಾಂಕಿಗೆ ಹೋಯಿತು ಎಂದು ಬರೆಯಿರಿ. ಈ ವಿವರ ಅಲಾಟ್‌ಮೆಂಟ್ ಮಾಡುವ ಸಂಸ್ಥೆಗಳ ವೆಬ್‌ಸೈಟಿನಲ್ಲೇ ಸಿಗುತ್ತದೆ. ಮೊದಲ ಸುತ್ತಿನ ಲೆಕ್ಕವನ್ನು ಮಾತ್ರ ನೋಡಬೇಡಿ, ಕೊನೆಯ ಸುತ್ತನ್ನೂ ನೋಡಿ. ಬಿಡಿಎಸ್‌ನಲ್ಲಿ ಕೊನೆಯ ಸುತ್ತುಗಳಲ್ಲಿ ರ‍್ಯಾಂಕು ತುಂಬ ಕೆಳಗೆ ಇಳಿಯುತ್ತದೆ, ಯಾಕೆಂದರೆ ಎಂಬಿಬಿಎಸ್ ಸಿಕ್ಕವರು ಬಿಟ್ಟುಹೋಗುತ್ತಾರೆ.

ಈಗ ಮೂರರಲ್ಲಿ ಒಂದು ಉತ್ತರ ಸಿಗುತ್ತದೆ. ರ‍್ಯಾಂಕು ನಿಜವಾಗಿಯೂ ದೂರ ಇತ್ತು. ಅಥವಾ ರ‍್ಯಾಂಕು ಸಾಕಿತ್ತು, ಆದರೆ ಆ ಕಡೆ ಅರ್ಜಿಯೇ ಹಾಕಿರಲಿಲ್ಲ, ಆಪ್ಷನ್ (ಬೇಕಾದ ಕಾಲೇಜುಗಳ ಪಟ್ಟಿ) ಕೊಟ್ಟಿರಲಿಲ್ಲ. ಅಥವಾ ಅರ್ಜಿ ಹಾಕಿದ್ದರೂ ಸರ್ಟಿಫಿಕೇಟ್ ಸರಿಯಿಲ್ಲದೆ ಮೀಸಲಾತಿ ಸಿಗದೆ ಜನರಲ್‌ನಲ್ಲಿ ಲೆಕ್ಕ ಆಯ್ತು. ಮೊದಲನೆಯದಕ್ಕೆ ಓದು ಬೇಕು. ಉಳಿದ ಎರಡಕ್ಕೆ ಬೇಕಾದದ್ದು ಕ್ಯಾಲೆಂಡರ್ ಮತ್ತು ಕಾಗದಪತ್ರ. ಎರಡನೆಯ, ಮೂರನೆಯ ಕಾರಣಕ್ಕೆ ಸೀಟು ಕಳೆದುಕೊಂಡವರು ಹೊಸ ಕೋಚಿಂಗಿಗೆ ಲಕ್ಷ ಸುರಿದರೂ ಅದೇ ತಪ್ಪು ಮುಂದಿನ ವರ್ಷವೂ ಕಾಯುತ್ತಿರುತ್ತದೆ.

ಮೂರು ಕಡೆ, ಮೂರು ಕ್ರಮ

ಕೇರಳದ ಸೀಟುಗಳನ್ನು ತಿರುವನಂತಪುರದ ಪ್ರವೇಶ ಪರೀಕ್ಷಾ ಆಯುಕ್ತರ ಕಚೇರಿ ಹಂಚುತ್ತದೆ. ಇದಕ್ಕೆ ಅರ್ಜಿ ಹಾಕುವುದು ಕೀಮ್, ಅಂದರೆ ಕೇರಳದ ವೃತ್ತಿಪರ ಕೋರ್ಸುಗಳ ಪ್ರವೇಶ ವ್ಯವಸ್ಥೆಯ ಮೂಲಕ. ಕೀಮ್ ಅಂದರೆ ಎಂಜಿನಿಯರಿಂಗ್ ಪರೀಕ್ಷೆ ಅಂತ ಬಹಳ ಮಂದಿ ತಿಳಿದುಕೊಂಡಿದ್ದಾರೆ. ಬಿಡಿಎಸ್ ಬೇಕಾದವರು ಆ ಪರೀಕ್ಷೆ ಬರೆಯಬೇಕಾಗಿಲ್ಲ, ಆದರೆ ಆ ಅರ್ಜಿ ಹಾಕಲೇಬೇಕು, ಅದರಲ್ಲಿ ಮೆಡಿಕಲ್ ವಿಭಾಗವನ್ನು ಆರಿಸಲೇಬೇಕು. ಅರ್ಜಿಯ ಸಮಯ ಸಾಮಾನ್ಯವಾಗಿ ನೀಟ್‌ಗೂ ಮೊದಲೇ, ವರ್ಷದ ಮೊದಲ ತಿಂಗಳುಗಳಲ್ಲಿ ಬಂದು ಹೋಗುತ್ತದೆ. ನೀಟ್ ಫಲಿತಾಂಶ ಬಂದ ಮೇಲೆ ಆ ಮಾರ್ಕನ್ನು ಅದೇ ವೆಬ್‌ಸೈಟಿನಲ್ಲಿ ಸಲ್ಲಿಸುವ ಇನ್ನೊಂದು ಹಂತವೂ ಇದೆ. ಅದನ್ನು ಮರೆತರೂ ರ‍್ಯಾಂಕ್ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ.

ಕೇರಳದಲ್ಲಿ ಸರ್ಕಾರಿ ಡೆಂಟಲ್ ಕಾಲೇಜುಗಳು ಇರುವುದು ತಿರುವನಂತಪುರ, ಆಲಪ್ಪುಳ, ಕೋಟ್ಟಯಂ, ತೃಶೂರು, ಕೋಝಿಕ್ಕೋಡ್ ಮತ್ತು ಪರಿಯಾರಂನಲ್ಲಿ. ನಮಗೆ ಹತ್ತಿರದ್ದು ಪರಿಯಾರಂ. ಕಾಸರಗೋಡು ಜಿಲ್ಲೆಯಲ್ಲೇ ಪೊಯಿನಾಚಿಯಲ್ಲಿ ಒಂದು ಖಾಸಗಿ ಡೆಂಟಲ್ ಕಾಲೇಜಿದೆ.

ಕರ್ನಾಟಕದಲ್ಲಿ ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಇಲ್ಲಿ ನಮ್ಮ ಮಕ್ಕಳಿಗೆ ಒಂದು ದೊಡ್ಡ ಅವಕಾಶ ಇದೆ, ಎಷ್ಟೋ ಮಂದಿಗೆ ಅದು ಗೊತ್ತೇ ಇಲ್ಲ. ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯ ಗಡಿನಾಡ ಕನ್ನಡಿಗರನ್ನು ಕೆಇಎ ಪ್ರತ್ಯೇಕ ನಿಯಮದಡಿ ಅರ್ಹರೆಂದು ಪರಿಗಣಿಸುತ್ತದೆ. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ಇದರಲ್ಲಿ ಬರುತ್ತವೆ. ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ಕೂಡ. ಮನೆಯಲ್ಲಿ ತುಳು ಮಾತಾಡುವವರು "ನಮಗೆ ಇದು ಸಿಗಲಿಕ್ಕಿಲ್ಲ" ಅಂದುಕೊಂಡು ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ.

ಆದರೆ ಇದಕ್ಕೆ ಒಂದು ಷರತ್ತು. ಕೆಇಎ ನಡೆಸುವ ಕನ್ನಡ ಭಾಷಾ ಪರೀಕ್ಷೆ ಬರೆದು ಪಾಸಾಗಬೇಕು. ಈ ಪರೀಕ್ಷೆ ಸಿಇಟಿಯ (ಕರ್ನಾಟಕದ ಸಾಮಾನ್ಯ ಪ್ರವೇಶ ಪರೀಕ್ಷೆ) ಆಸುಪಾಸಿನಲ್ಲಿ, ಅಂದರೆ ಏಪ್ರಿಲ್ ಹೊತ್ತಿಗೆ ನಡೆಯುತ್ತದೆ. ಅದಕ್ಕೆ ಜನವರಿ-ಫೆಬ್ರವರಿಯಲ್ಲೇ ಸಿಇಟಿ ಅರ್ಜಿ ಹಾಕಿ, ಅದರಲ್ಲಿ ಗಡಿನಾಡ ಕನ್ನಡಿಗ ಎಂದು ಗುರುತು ಮಾಡಿರಬೇಕು. ಜೂನ್‌ನಲ್ಲಿ ನೀಟ್ ರ‍್ಯಾಂಕ್ ಹಿಡಿದುಕೊಂಡು ಹೋದರೆ ಆ ಪರೀಕ್ಷೆ ಮುಗಿದಿರುತ್ತದೆ. ಪರೀಕ್ಷೆ ಸುಲಭ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಓದುವುದೇ ಬೇಡ. ಆದರೆ ಹತ್ತನೆಯವರೆಗೆ ಇಂಗ್ಲಿಷ್ ಮಾಧ್ಯಮದಲ್ಲಿ, ಎರಡನೇ ಭಾಷೆಯಾಗಿ ಮಲಯಾಳ ಅಥವಾ ಹಿಂದಿ ಓದಿದವರು ಕೆಲವು ವಾರ ಕನ್ನಡ ಬರೆದು ಅಭ್ಯಾಸ ಮಾಡಿ. ಓದಲು ಬರುತ್ತದೆ, ಬರೆಯುವಾಗ ಒತ್ತಕ್ಷರ ಕೈಕೊಡುತ್ತದೆ ಅನ್ನುವ ಮಕ್ಕಳು ಈಗ ಜಾಸ್ತಿ.

ಯಾವ ತರಗತಿಯಿಂದ ಯಾವ ತರಗತಿವರೆಗೆ ಎಲ್ಲಿ ಓದಿದ್ದೀರಿ ಎಂಬ ವ್ಯಾಸಂಗ ಪ್ರಮಾಣಪತ್ರವನ್ನೂ ಕೆಇಎ ಕೇಳುತ್ತದೆ. ಅದರ ನಮೂನೆ ಅವರ ಮಾಹಿತಿ ಪುಸ್ತಕದಲ್ಲೇ ಇರುತ್ತದೆ. ಪ್ರೈಮರಿ ಒಂದು ಶಾಲೆ, ಹೈಸ್ಕೂಲು ಇನ್ನೊಂದು, ಪಿಯುಸಿ ಮಂಗಳೂರಿನಲ್ಲಿ ಅಂತಿದ್ದರೆ ಎಲ್ಲ ಕಡೆಯ ಮುಖ್ಯೋಪಾಧ್ಯಾಯರ ಸಹಿ ಬೇಕಾಗುತ್ತದೆ. ಬೇಸಿಗೆ ರಜೆಯಲ್ಲಿ ಶಾಲೆ ಬೀಗ ಹಾಕಿರುತ್ತದೆ ಅನ್ನುವುದು ನೆನಪಿರಲಿ.

ಇನ್ನೊಂದು ಮಾತು. ಕರ್ನಾಟಕದ ಜಾತಿ, ಆದಾಯ ಸರ್ಟಿಫಿಕೇಟುಗಳಲ್ಲಿ ಆರ್‌ಡಿ ನಂಬರ್ (ಸರ್ಟಿಫಿಕೇಟಿನ ಗುರುತಿನ ಸಂಖ್ಯೆ) ಇರುತ್ತದೆ. ಕೆಇಎ ಅದನ್ನೇ ನೋಡಿ ಮೀಸಲಾತಿ ಕೊಡುತ್ತದೆ. ಕೇರಳದ ಸರ್ಟಿಫಿಕೇಟಿಗೆ ಆ ನಂಬರ್ ಇಲ್ಲ. ಆದ್ದರಿಂದ ಕರ್ನಾಟಕದಲ್ಲಿ ನಿಮ್ಮ ರ‍್ಯಾಂಕನ್ನು ಜನರಲ್ ಮೆರಿಟ್ ಲೆಕ್ಕದಲ್ಲೇ ಹಿಡಿದುಕೊಂಡು ನೋಡುವುದು ಕ್ಷೇಮ.

ಮೂರನೆಯದು ಎಂಸಿಸಿ, ಅಂದರೆ ದೆಹಲಿಯ ಮೆಡಿಕಲ್ ಕೌನ್ಸೆಲಿಂಗ್ ಕಮಿಟಿ. ದೇಶದ ಸರ್ಕಾರಿ ಕಾಲೇಜುಗಳ 15% ಸೀಟು ಮತ್ತು ಡೀಮ್ಡ್ (ವಿಶ್ವವಿದ್ಯಾಲಯದ ಸ್ಥಾನ ಪಡೆದ ಸಂಸ್ಥೆ) ವಿಶ್ವವಿದ್ಯಾಲಯಗಳ ಎಲ್ಲ ಸೀಟು ಇವರ ಮೂಲಕವೇ. ಇದಕ್ಕೆ ನೀಟ್ ಫಲಿತಾಂಶ ಬಂದ ಮೇಲೆ ಹೆಸರು ನೋಂದಾಯಿಸಿದರೆ ಸಾಕು. ಅಖಿಲ ಭಾರತ ಕೋಟಾಕ್ಕೆ ಈಚಿನ ವರ್ಷಗಳಲ್ಲಿ ಜನರಲ್‌ನವರಿಗೆ ₹1,000 ಶುಲ್ಕ, ₹10,000 ಡೆಪಾಸಿಟ್. ಡೀಮ್ಡ್ ಕಾಲೇಜು ಬೇಕಾದರೆ ₹5,000 ಶುಲ್ಕ, ₹2 ಲಕ್ಷ ಡೆಪಾಸಿಟ್.

ಇಲ್ಲೇ ನಮ್ಮವರು ಎಡವುವುದು. ತಲಪಾಡಿ ದಾಟಿದರೆ ದೇರಳಕಟ್ಟೆ. ಅಲ್ಲಿ ಎ.ಬಿ. ಶೆಟ್ಟಿ ಡೆಂಟಲ್ ಕಾಲೇಜು ಇದೆ, ಯೇನೆಪೋಯ ಇದೆ. ಮಂಗಳೂರು ಪೇಟೆಯಲ್ಲಿ ಮಣಿಪಾಲದವರ ಡೆಂಟಲ್ ಕಾಲೇಜು. ಈ ಮೂರೂ ಡೀಮ್ಡ್ ವಿಶ್ವವಿದ್ಯಾಲಯಕ್ಕೆ ಸೇರಿದವು, ಸೀಟು ಎಂಸಿಸಿಯಿಂದ. ಅದೇ ಮಂಗಳೂರಿನ ಎ.ಜೆ., ಸುಳ್ಯದ ಕೆವಿಜಿ ಇವು ಕೆಇಎ ಮೂಲಕ. ಮನೆಗೆ ಹತ್ತಿರದ ಕಾಲೇಜು ಅಂತ ಕೆಇಎ ಪಟ್ಟಿಯಲ್ಲಿ ದೇರಳಕಟ್ಟೆಯ ಹೆಸರು ಹುಡುಕಿದರೆ ಸಿಗುವುದಿಲ್ಲ. ಯಾವ ಕಾಲೇಜು ಯಾರ ಕೈಯಲ್ಲಿದೆ ಎಂದು ಮೊದಲೇ ಪಟ್ಟಿ ಮಾಡಿಟ್ಟುಕೊಳ್ಳಿ.

ಕಾಗದಪತ್ರ: ಸೆಪ್ಟೆಂಬರಿನಲ್ಲೇ ಶುರು ಮಾಡಿ

ಹೆಸರಿನಿಂದ ಶುರು ಮಾಡೋಣ. ನಮ್ಮ ಕಡೆ ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಹೆಸರಿನ ಮುಂದೆ ಇನಿಶಿಯಲ್ ಇರುತ್ತದೆ. ಆಧಾರ್‌ನಲ್ಲಿ ಅಪ್ಪನ ಹೆಸರೋ ಮನೆ ಹೆಸರೋ ಪೂರ್ತಿ ಇರುತ್ತದೆ. ರೇಷನ್ ಕಾರ್ಡಿನಲ್ಲಿ ಮಲಯಾಳದಿಂದ ಇಂಗ್ಲಿಷಿಗೆ ಬರುವಾಗ ಇನ್ನೊಂದು ಸ್ಪೆಲ್ಲಿಂಗ್ ಆಗಿರುತ್ತದೆ. ಅಪ್ಪನ ಹೆಸರೂ ಹಾಗೆಯೇ. ಎರಡು ರಾಜ್ಯ, ಒಂದು ಕೇಂದ್ರ, ಹೀಗೆ ಮೂರು ಕಚೇರಿಗಳಿಗೆ ಅರ್ಜಿ ಹಾಕುವವರಿಗೆ ಇದು ದೊಡ್ಡ ತಲೆನೋವು. ನೀಟ್ ಅರ್ಜಿಯಲ್ಲಿ ಹತ್ತನೆಯ ತರಗತಿಯ ದಾಖಲೆಯಲ್ಲಿ ಇರುವಂತೆಯೇ ಹೆಸರು ಹಾಕಿ. ಆಧಾರನ್ನು ಅದಕ್ಕೆ ಸರಿಯಾಗಿ ತಿದ್ದಿಸಿಕೊಳ್ಳಿ. ತಿದ್ದಲು ಆಗದ ಹಳೆಯ ದಾಖಲೆ ಇದ್ದರೆ ವಿಲೇಜ್ ಆಫೀಸಿನಲ್ಲಿ "ವನ್ ಆ್ಯಂಡ್ ಸೇಮ್" ಸರ್ಟಿಫಿಕೇಟ್ ಮಾಡಿಸಿ. ಎರಡೂ ಹೆಸರು ಒಬ್ಬರದೇ ಅಂತ ಅದು ಹೇಳುತ್ತದೆ.

ಕೇರಳೀಯ ಎಂದು ತೋರಿಸಲು ಎಸ್‌ಎಸ್‌ಎಲ್‌ಸಿಯಲ್ಲಿ ಹುಟ್ಟಿದ ಊರು ಕೇರಳದ್ದಾಗಿದ್ದರೆ ಅನುಕೂಲ. ಹೆರಿಗೆ ಮಂಗಳೂರಿನ ಆಸ್ಪತ್ರೆಯಲ್ಲಿ ಆದ ಮಕ್ಕಳೇ ನಮ್ಮಲ್ಲಿ ಹೆಚ್ಚು ಅಲ್ವಾ? ಅಂಥವರು ನೇಟಿವಿಟಿ ಸರ್ಟಿಫಿಕೇಟ್ ಮಾಡಿಸಿಡಬೇಕು. ಅಕ್ಷಯ ಕೇಂದ್ರದಿಂದ (ಕೇರಳ ಸರ್ಕಾರದ ಆನ್‌ಲೈನ್ ಸೇವಾ ಕೇಂದ್ರ) ಅರ್ಜಿ ಹಾಕಿದರೆ ವಿಲೇಜ್ ಆಫೀಸಿನಿಂದ ಆಗುತ್ತದೆ.

ಇನ್ನು ಮೀಸಲಾತಿ. ಇಲ್ಲಿ ರಾಜ್ಯಕ್ಕೊಂದು, ಕೇಂದ್ರಕ್ಕೊಂದು ಸರ್ಟಿಫಿಕೇಟ್ ಅನ್ನುವುದನ್ನು ತಲೆಯಲ್ಲಿಟ್ಟುಕೊಳ್ಳಿ. ಹಿಂದುಳಿದ ವರ್ಗದವರಿಗೆ ಕೇರಳದ ಸೀಟಿಗೆ ಬೇಕಾದ ನಾನ್ ಕ್ರೀಮಿ ಲೇಯರ್ (ಹಿಂದುಳಿದ ವರ್ಗದೊಳಗಿನ ಅನುಕೂಲಸ್ಥರಲ್ಲ ಎನ್ನುವ) ಸರ್ಟಿಫಿಕೇಟನ್ನು ವಿಲೇಜ್ ಆಫೀಸರ್ ಕೊಡುತ್ತಾರೆ. ಎಂಸಿಸಿಗೆ ಬೇಕಾದದ್ದು ಕೇಂದ್ರದ ನಮೂನೆಯಲ್ಲಿ ತಹಶೀಲ್ದಾರರು ಕೊಡುವಂಥದ್ದು. ಒಂದನ್ನು ಇನ್ನೊಂದರ ಜಾಗದಲ್ಲಿ ಕೊಟ್ಟರೆ ನಡೆಯುವುದಿಲ್ಲ. ಪಟ್ಟಿಗಳೂ ಬೇರೆ ಬೇರೆ. ಬಿಲ್ಲವರು ಕೇರಳದಲ್ಲಿ ಈಳವ-ತೀಯರ ಗುಂಪಿನಲ್ಲಿ ಬರುತ್ತಾರೆ, ಕರ್ನಾಟಕದಲ್ಲಿ ಹಿಂದುಳಿದ ವರ್ಗಗಳ 2ಎ ವಿಭಾಗದಲ್ಲಿ. ಕುಲಾಲರು ಕೇರಳದಲ್ಲಿ ಕುಶವ ಗುಂಪಿಗೆ ಸೇರುತ್ತಾರೆ. ಅರ್ಜಿಯಲ್ಲಿ ನಿಮ್ಮ ಸಮುದಾಯದ ಹೆಸರು ಆ ರಾಜ್ಯದ ಪಟ್ಟಿಯಲ್ಲಿ ಹೇಗಿದೆಯೋ ಹಾಗೆಯೇ ಇರಬೇಕು. ನೆರೆಮನೆಯವರು ಏನು ಹಾಕಿದ್ದಾರೆ ಅಂತ ಕೇಳಿ ಹಾಕುವ ವಿಷಯ ಅಲ್ಲ ಇದು.

ಇಡಬ್ಲ್ಯುಎಸ್ (ಬೇರೆ ಮೀಸಲಾತಿ ಇಲ್ಲದ, ಆರ್ಥಿಕವಾಗಿ ಹಿಂದುಳಿದವರ ಮೀಸಲಾತಿ) ವಿಷಯದಲ್ಲಿ ತೋಟ ಇರುವ ಮನೆಗಳು ಎಚ್ಚರದಿಂದ ಓದಿ. ಕೇಂದ್ರದ ಲೆಕ್ಕದಲ್ಲಿ ವಾರ್ಷಿಕ ಆದಾಯ ₹8 ಲಕ್ಷದೊಳಗೆ, ಕೃಷಿ ಭೂಮಿ 5 ಎಕರೆಗಿಂತ ಕಡಿಮೆ. ಕೇರಳದ ಲೆಕ್ಕ ಬಿಗಿ: ಆದಾಯ ₹4 ಲಕ್ಷದೊಳಗೆ, ಪಂಚಾಯತ್ ವ್ಯಾಪ್ತಿಯಲ್ಲಿ ಭೂಮಿ ಎರಡೂವರೆ ಎಕರೆಯೊಳಗೆ. ಹೀಗಾಗಿ ಮೂರು ಎಕರೆ ಅಡಿಕೆ ತೋಟ ಇರುವ ಮನೆಯ ಮಗುವಿಗೆ ಕೇರಳದಲ್ಲಿ ಇಡಬ್ಲ್ಯುಎಸ್ ಇಲ್ಲ, ಆದರೆ ಬೇರೆ ಷರತ್ತುಗಳೂ ಹೊಂದಿದರೆ ಅಖಿಲ ಭಾರತ ಕೋಟಾದಲ್ಲಿ ಸಿಗಬಹುದು. "ವಿಲೇಜ್ ಆಫೀಸಿನಲ್ಲಿ ಆಗಲ್ಲ ಅಂದ್ರು" ಎಂದು ಎರಡನ್ನೂ ಬಿಟ್ಟವರಿದ್ದಾರೆ. ಯಾವುದಕ್ಕೆ ಆಗಲ್ಲ ಅಂದರು ಎಂದು ಕೇಳಿ. ಈ ಸರ್ಟಿಫಿಕೇಟಿಗೆ ಆರ್ಥಿಕ ವರ್ಷದ ಅವಧಿ ಇದೆ, ಹೋದ ವರ್ಷದ್ದನ್ನು ಈ ವರ್ಷ ತೋರಿಸಲು ಆಗುವುದಿಲ್ಲ. ಏಪ್ರಿಲ್ ಬಂದ ಕೂಡಲೇ ಹೊಸತು ಮಾಡಿಸಿ.

ಮಲಯಾಳದಲ್ಲಿ ಅರ್ಜಿ ಬರೆಯಲು ಬರುವುದಿಲ್ಲ ಅಂತ ಹಿಂಜರಿಯುವವರಿಗೆ ಒಂದು ಮಾತು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸರ್ಕಾರದ ಜೊತೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ. ಕನ್ನಡದಲ್ಲಿ ಬರೆದುಕೊಡಿ. ಅದು ಉಪಕಾರ ಅಲ್ಲ, ನಮ್ಮ ಹಕ್ಕು.

ಮಾರ್ಕು ಏರಿಸುವುದು

ಪ್ಲಸ್ ಟುವಿನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಸೇರಿ ಜನರಲ್‌ನವರಿಗೆ 50%, ಎಸ್‌ಸಿ, ಎಸ್‌ಟಿ, ಒಬಿಸಿಯವರಿಗೆ 40% ಬಂದಿದ್ದರೆ ಬಿಡಿಎಸ್‌ಗೆ ಅಷ್ಟು ಸಾಕು. ರ‍್ಯಾಂಕು ನೀಟ್ ಮಾರ್ಕಿನಿಂದ ಮಾತ್ರ. ಆದ್ದರಿಂದ ಪ್ಲಸ್ ಟು ಮಾರ್ಕು ಹೆಚ್ಚಿಸಲು ಮತ್ತೆ ಪರೀಕ್ಷೆ ಬರೆಯುವುದರಲ್ಲಿ ವರ್ಷ ಕಳೆಯಬೇಡಿ. ಆ ಕನಿಷ್ಠ ಮಾರ್ಕು ಬರದವರಿಗೆ ಮಾತ್ರ ಅದು ಮೊದಲ ಕೆಲಸ. ನೀಟ್ ಎಷ್ಟು ಸಲ ಬೇಕಾದರೂ ಬರೆಯಬಹುದು, ವಯಸ್ಸಿನ ಮೇಲ್ಮಿತಿಯೂ ಈಗಿಲ್ಲ.

2025ರಿಂದ ಪರೀಕ್ಷೆ 180 ಪ್ರಶ್ನೆ, 180 ನಿಮಿಷ, 720 ಮಾರ್ಕು. ಎಲ್ಲ ಪ್ರಶ್ನೆಯೂ ಕಡ್ಡಾಯ. 2021ರಿಂದ 2024ರವರೆಗೆ ಇದ್ದ ಆಯ್ಕೆ ಪ್ರಶ್ನೆಗಳು, 2022ರಿಂದ 2024ರವರೆಗೆ ಇದ್ದ ಹೆಚ್ಚಿನ 20 ನಿಮಿಷ ಈಗಿಲ್ಲ. ಆ ವರ್ಷಗಳ ಪ್ರಶ್ನೆಪತ್ರಿಕೆ ಬಿಡಿಸುವಾಗ ಇದು ನೆನಪಿರಲಿ.

ನೀಟ್ ನಡೆಸುವ ಸಂಸ್ಥೆ ಎನ್‌ಟಿಎ ನಿಮ್ಮ ಒಎಂಆರ್ ಹಾಳೆಯ (ಉತ್ತರ ಗುರುತು ಹಾಕುವ ಹಾಳೆ) ಪ್ರತಿಯನ್ನೂ ಉತ್ತರಗಳನ್ನೂ ಪ್ರಕಟಿಸುತ್ತದೆ. ಅದನ್ನು ಇಳಿಸಿಟ್ಟುಕೊಂಡವರಿಗೆ ಎರಡನೇ ವರ್ಷದ ದೊಡ್ಡ ಸಂಪತ್ತು ಅದೇ. ಪ್ರಶ್ನೆಪತ್ರಿಕೆ ಪಕ್ಕದಲ್ಲಿಟ್ಟು ಒಂದೊಂದೇ ತಪ್ಪನ್ನು ನೋಡಿ. ಗೊತ್ತೇ ಇರಲಿಲ್ಲವೇ? ಗೊತ್ತಿದ್ದೂ ಓದುವಾಗ, ಲೆಕ್ಕ ಮಾಡುವಾಗ ತಪ್ಪಿತೇ? ಸುಮ್ನೆ ಊಹಿಸಿ ಗುರುತು ಹಾಕಿದ್ದೇ? ಮೂರಕ್ಕೂ ಮದ್ದು ಬೇರೆ.

ಊಹೆಯ ಲೆಕ್ಕ ಮಾತ್ರ ಇಲ್ಲಿ ಹೇಳುತ್ತೇನೆ. ಸರಿಯುತ್ತರಕ್ಕೆ 4, ತಪ್ಪಿಗೆ ಮೈನಸ್ 1. ಒಬ್ಬರು 180ನ್ನೂ ಉತ್ತರಿಸಿ 100 ಸರಿ, 80 ತಪ್ಪು ಮಾಡಿದರು ಅನ್ನಿ. 400ರಲ್ಲಿ 80 ಹೋಗಿ 320. ಅದೇ 80ರಲ್ಲಿ ಏನೂ ಗೊತ್ತಿಲ್ಲದ 40 ಪ್ರಶ್ನೆಗಳನ್ನು ಬಿಟ್ಟಿದ್ದರೆ 360. ಹೊಸದಾಗಿ ಒಂದು ಪಾಠವನ್ನೂ ಓದದೆ 40 ಮಾರ್ಕು. ನಾಲ್ಕು ಉತ್ತರಗಳಲ್ಲಿ ಎರಡನ್ನು ಖಚಿತವಾಗಿ ತೆಗೆದುಹಾಕಲು ಆದರೆ ಊಹಿಸುವುದರಲ್ಲಿ ಅರ್ಥ ಇದೆ. ಇಲ್ಲದಿದ್ದರೆ ಬಿಡುವುದನ್ನು ಕಲಿಯಬೇಕು, ಅದನ್ನೂ ಮೋಕ್ ಟೆಸ್ಟ್‌ನಲ್ಲೇ ಅಭ್ಯಾಸ ಮಾಡಬೇಕು.

ಬಿಡಿಎಸ್‌ಗೆ ಬಯಾಲಜಿ ಗಟ್ಟಿ ಇರಲಿ ಅಂತ ನಾನು ಒತ್ತಿ ಹೇಳುತ್ತೇನೆ. 90 ಪ್ರಶ್ನೆ, 360 ಮಾರ್ಕು, ಅಂದರೆ ಅರ್ಧ ಪರೀಕ್ಷೆ. ಮಾರ್ಕು ಸಮ ಬಂದಾಗಲೂ ಮೊದಲು ನೋಡುವುದು ಬಯಾಲಜಿಯನ್ನೇ. ಎನ್‌ಸಿಇಆರ್‌ಟಿ ಪುಸ್ತಕದ ಸಾಲು ಸಾಲನ್ನೂ, ಚಿತ್ರದ ಕೆಳಗಿನ ಬರಹವನ್ನೂ ಬಿಡದೆ ಓದಿ. ಫಿಸಿಕ್ಸ್ ಹೆದರಿಕೆ ಇರುವವರು ಇಡೀ ವರ್ಷ ಅದರಲ್ಲೇ ಮುಳುಗಿ ಬಯಾಲಜಿ ಮರೆತುಬಿಡುವುದನ್ನು ನೋಡಿದ್ದೇನೆ. ಫಿಸಿಕ್ಸ್‌ನಲ್ಲಿ ಸುಲಭದ ಪಾಠಗಳನ್ನು ಆರಿಸಿಕೊಂಡು ಅವುಗಳಲ್ಲಿ ತಪ್ಪಿಲ್ಲದಂತೆ ಮಾಡಿಕೊಳ್ಳಿ. ಉಳಿದದ್ದು ಆಮೇಲೆ.

ಕನ್ನಡ ಮಾಧ್ಯಮದಿಂದ ಬಂದವರು ಕೇಳುವ ಪ್ರಶ್ನೆ: ನೀಟ್ ಕನ್ನಡದಲ್ಲಿ ಬರೆಯಬಹುದೇ? ಬರೆಯಬಹುದು. ಆದರೆ ಕನ್ನಡ ಪ್ರಶ್ನೆಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಕಾಸರಗೋಡಿನಲ್ಲೋ ಕಣ್ಣೂರಿನಲ್ಲೋ ಕೇಂದ್ರ ಹಾಕಿದರೆ ಸಿಗುವುದಿಲ್ಲ, ಮಂಗಳೂರು ಹಾಕಬೇಕು. ಆ ಪುಸ್ತಿಕೆಯಲ್ಲಿ ಇಂಗ್ಲಿಷೂ ಇರುತ್ತದೆ, ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷಿನದ್ದೇ ಕೊನೆಯ ಮಾತು. ಪ್ಲಸ್ ಟುವಿನ ಎರಡೂ ವರ್ಷ ಇಂಗ್ಲಿಷಿನಲ್ಲಿ ಓದಿದವರು ಇಂಗ್ಲಿಷಿನಲ್ಲೇ ಬರೆಯುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಕೋಚಿಂಗ್, ಮೋಕ್ ಟೆಸ್ಟ್, ಪುಸ್ತಕ ಎಲ್ಲ ಇಂಗ್ಲಿಷಿನಲ್ಲಿರುವಾಗ ಪರೀಕ್ಷೆಯ ದಿನ ಭಾಷೆ ಬದಲಾದರೆ ಸಮಯ ಹೋಗುತ್ತದೆ.

ಕೋಚಿಂಗ್ ಎಲ್ಲಿ? ಕೇರಳದ ಒಳಗಿನ ರಿಪೀಟರ್ ಬ್ಯಾಚುಗಳಲ್ಲಿ ಪಾಠದ ಮಾತುಕತೆ ಬಹುತೇಕ ಮಲಯಾಳದಲ್ಲಿ. ಮಲಯಾಳ ಸಲೀಸಾಗಿ ಬರುವವರಿಗೆ ತೊಂದರೆ ಇಲ್ಲ. ಬಾರದವರು ಹಾಸ್ಟೆಲಿನಲ್ಲಿ ಒಂಟಿಯಾಗುತ್ತಾರೆ, ಡೌಟ್ ಕೇಳಲು ಹೆದರುತ್ತಾರೆ. ಅಂಥವರಿಗೆ ಮಂಗಳೂರೇ ಸರಿ. ಮನೆಯಿಂದ ರೈಲಿನಲ್ಲಿ ಓಡಾಡುವುದಾದರೆ ಹೋಗಿಬರುವ ಸಮಯವನ್ನು ಓದಿನ ಸಮಯದಿಂದ ಕಳೆದು ಲೆಕ್ಕ ಹಾಕಿ. ಫೀಸ್ ಕಟ್ಟುವ ಮೊದಲು ಒಂದು ಪ್ರಶ್ನೆ ಕೇಳಿ: ಪ್ರತಿ ಟೆಸ್ಟ್ ಆದ ಮೇಲೆ ನನ್ನ ತಪ್ಪುಗಳನ್ನು ನನ್ನ ಜೊತೆ ಕೂತು ನೋಡುವವರು ಯಾರು? ಸರಿಯಾದ ಉತ್ತರ ಬರದಿದ್ದರೆ ಬೇರೆ ಕಡೆ ನೋಡಿ.

ಅರ್ಜಿಗೆ ಲೆಕ್ಕವಿಲ್ಲದಿದ್ದರೂ ಮಾಡಬೇಕಾದ ಒಂದು ಕೆಲಸ

ವಿದೇಶದ ಡೆಂಟಲ್ ಕಾಲೇಜುಗಳು ಪ್ರಬಂಧ, ಶಿಫಾರಸು ಪತ್ರ, ಕ್ಲಿನಿಕ್‌ನಲ್ಲಿ ಕಳೆದ ಗಂಟೆಗಳು ಎಲ್ಲವನ್ನೂ ಕೇಳುತ್ತವೆ. ಇಲ್ಲಿ ಅದಕ್ಕೆ ಒಂದು ಮಾರ್ಕೂ ಇಲ್ಲ. ಆದರೂ ಊರಿನ ದಂತವೈದ್ಯರ ಅನುಮತಿ ಕೇಳಿ ಕೆಲವು ಮಧ್ಯಾಹ್ನ ಅವರ ಕ್ಲಿನಿಕ್‌ನಲ್ಲಿ ಕೂತು ನೋಡಿ. ಸ್ಕೇಲಿಂಗ್, ರೂಟ್ ಕೆನಾಲ್, ಹಲ್ಲು ಕೀಳುವುದು, ಕೃತಕ ದಂತದ ಅಳತೆ. ಕತ್ತು ಬಗ್ಗಿಸಿ ಸಣ್ಣ ಜಾಗದಲ್ಲಿ ಕನ್ನಡಿಯಲ್ಲಿ ನೋಡಿಕೊಂಡು ಮಾಡುವ ಕೆಲಸ ಅದು. ಮೊದಲ ವರ್ಷವೇ ಮೇಣದಲ್ಲಿ ಹಲ್ಲು ಕೆತ್ತಲು ಕೊಡುತ್ತಾರೆ. ಕೈಕೆಲಸ ಇಷ್ಟ ಇಲ್ಲದವರಿಗೆ ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್ ತುಂಬ ಉದ್ದ ಅನಿಸುತ್ತದೆ.

ಎಂಬಿಬಿಎಸ್ ಸಿಗಲಿಲ್ಲ, ಹಾಗಾದರೆ ಬಿಡಿಎಸ್ ಅಂತ ಬರುವವರು ಹೆಚ್ಚು. ಅದರಲ್ಲಿ ತಪ್ಪಿಲ್ಲ. ಆದರೆ ಒಂದು ವರ್ಷ ಮತ್ತೆ ಕೂತು ಓದುವ ಮೊದಲು ಈ ಕೆಲಸ ನನಗೆ ಬೇಕೇ ಅಂತ ಕಣ್ಣಾರೆ ನೋಡಿ ತಿಳಿದುಕೊಂಡರೆ ಓದುವ ಮನಸ್ಸೇ ಬೇರೆಯಾಗುತ್ತದೆ.

ಆಪ್ಷನ್ ಕೊಡುವ ಹೊತ್ತು

ಇಡೀ ವರ್ಷದ ಶ್ರಮ ಕಂಪ್ಯೂಟರ್ ಮುಂದಿನ ಅರ್ಧ ಗಂಟೆಯಲ್ಲಿ ಹಾಳಾಗಬಹುದು. ಆಪ್ಷನ್ ಪಟ್ಟಿಯನ್ನು ಮನೆಯಲ್ಲಿ ಮೊದಲೇ ಕಾಗದದಲ್ಲಿ ಬರೆದುಕೊಂಡು ಹೋಗಿ. ಅಕ್ಷಯ ಕೇಂದ್ರದಲ್ಲಿ ಸಾಲು ನಿಂತವರ ನಡುವೆ ಯೋಚಿಸಲು ಆಗುವುದಿಲ್ಲ.

ನಿಮಗೆ ನಿಜವಾಗಿ ಬೇಕಾದ ಕ್ರಮದಲ್ಲೇ ಹಾಕಿ. "ಸಿಗಲಿಕ್ಕಿಲ್ಲ" ಎಂದು ಒಳ್ಳೆಯ ಕಾಲೇಜನ್ನು ಕೆಳಗೆ ಹಾಕಬೇಡಿ. ಮೇಲಿನದು ಸಿಗದಿದ್ದರೆ ಕಂಪ್ಯೂಟರ್ ತಾನಾಗಿ ಕೆಳಗಿನದನ್ನು ನೋಡುತ್ತದೆ, ಅದರಿಂದ ನಷ್ಟ ಇಲ್ಲ. ಆದರೆ ಸಿಕ್ಕರೂ ಸೇರಲಾರೆ ಅನ್ನುವ ಕಾಲೇಜನ್ನು ಪಟ್ಟಿಯಲ್ಲಿ ಹಾಕಲೇಬೇಡಿ. ಕೇರಳದಲ್ಲಿ ಒಂದು ಆಪ್ಷನ್ ಸಿಕ್ಕ ಕೂಡಲೇ ಅದರ ಕೆಳಗಿನವೆಲ್ಲ ರದ್ದಾಗುತ್ತವೆ, ಮೇಲಿನವು ಮಾತ್ರ ಉಳಿಯುತ್ತವೆ. ಸಿಕ್ಕ ಸೀಟಿಗೆ ಹಣ ಕಟ್ಟದಿದ್ದರೆ ಮುಂದಿನ ಅವಕಾಶವೂ ಹೋಗುತ್ತದೆ.

ಕೆಇಎಯಲ್ಲಿ ಸೀಟು ಸಿಕ್ಕ ಮೇಲೆ ನಾಲ್ಕು ಆಯ್ಕೆ ಇರುತ್ತದೆ. ಒಂದನೆಯದು ಒಪ್ಪಿ ಸೇರುವುದು. ಎರಡನೆಯದು ಇದನ್ನು ಇಟ್ಟುಕೊಂಡು ಇನ್ನೂ ಒಳ್ಳೆಯದಕ್ಕೆ ಕಾಯುವುದು. ಮೂರನೆಯದು ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕನೆಯದು ಪೂರ್ತಿ ಹೊರಬರುವುದು. ಗಡಿಬಿಡಿಯಲ್ಲಿ ಮೂರನೆಯದನ್ನು ಒತ್ತಿ ಕೈಯಲ್ಲಿದ್ದ ಸೀಟು ಕಳೆದುಕೊಳ್ಳುವುದು ಸುಲಭ. ಈಗಾಗಲೇ ಒಂದು ವರ್ಷ ಕಾದವರಿಗೆ ಎರಡನೆಯದೇ ಕ್ಷೇಮ ಅಂತ ನನಗನಿಸುತ್ತದೆ.

ಎಂಸಿಸಿಯಲ್ಲಿ ಮೊದಲ ಸುತ್ತಿನಲ್ಲಿ ಸಿಕ್ಕ ಸೀಟಿಗೆ ಸೇರದಿದ್ದರೂ ಡೆಪಾಸಿಟ್ ಹೋಗುವುದಿಲ್ಲ. ಎರಡನೇ ಸುತ್ತಿನಿಂದ ಹೋಗುತ್ತದೆ. ಖಾಲಿ ಉಳಿದ ಸೀಟುಗಳನ್ನು ಹಂಚುವ ಕೊನೆಯ ಸ್ಟ್ರೇ ಸುತ್ತಿನಲ್ಲಿ ಸೀಟು ಸಿಕ್ಕೂ ಸೇರದಿದ್ದರೆ ಡೆಪಾಸಿಟ್ ಜೊತೆಗೆ ಮುಂದಿನ ವರ್ಷದ ನೀಟ್ ಬರೆಯುವ ಅವಕಾಶವೂ ಹೋಗುವ ನಿಯಮವನ್ನು ಈಚೆಗೆ ತಂದಿದ್ದಾರೆ. "ಹಾಕಿ ನೋಡೋಣ" ಅಂತ ಸ್ಟ್ರೇ ಸುತ್ತಿಗೆ ಇಳಿಯಬೇಡಿ.

ಬೇರೆ ಗಡಿಗಳಲ್ಲಿ

ಜತ್ತ, ಅಕ್ಕಲಕೋಟೆ ಕಡೆಯವರು ಒಂದು ವಿಷಯ ಮುಂಚೆಯೇ ತಿಳಿದಿರಬೇಕು. ಮಹಾರಾಷ್ಟ್ರದ ರಾಜ್ಯ ಕೋಟಾಕ್ಕೆ ಡೊಮಿಸೈಲ್ (ವಾಸದ ದಾಖಲೆ) ಜೊತೆಗೆ ಹತ್ತನೆಯದನ್ನೂ ಹನ್ನೆರಡನೆಯದನ್ನೂ ಸಾಮಾನ್ಯವಾಗಿ ಆ ರಾಜ್ಯದಲ್ಲೇ ಪಾಸಾಗಿರಬೇಕು. ಕನ್ನಡ ಅಂತ ವಿಜಯಪುರಕ್ಕೆ ಪಿಯುಸಿಗೆ ಬಂದವರಿಗೆ ಅಲ್ಲಿನ ಬಾಗಿಲು ಕಷ್ಟ. ಅವರಿಗೆ ಕೆಇಎಯ ಗಡಿನಾಡ ನಿಯಮವೇ ಆಸರೆ. ತಾಳವಾಡಿ, ಹೊಸೂರು ಕಡೆ ಆರರಿಂದ ಹನ್ನೆರಡರವರೆಗೆ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ತಮಿಳುನಾಡು 2020ರಿಂದ 7.5% ಮೀಸಲಾತಿ ಕೊಡುತ್ತಿದೆ, ಬಿಡಿಎಸ್‌ಗೂ ಇದೆ. ಮಡಕಶಿರಾ, ರಾಯದುರ್ಗ, ಆದೋನಿಯವರಿಗೆ ಆಂಧ್ರದ ಸ್ಥಳೀಯ ಪ್ರದೇಶದ ನಿಯಮ ಅನ್ವಯಿಸುತ್ತದೆ, ಅಲ್ಲಿ ಯಾವ ಪ್ರದೇಶದಲ್ಲಿ ಎಷ್ಟು ವರ್ಷ ಓದಿದ್ದೀರಿ ಅನ್ನುವುದೇ ಮುಖ್ಯ.

ದುಡ್ಡು, ಏಜೆಂಟರು

ಸೀಟು ಸಿಗದ ಮನೆಗೆ ಫೋನುಗಳು ಬರಲು ಶುರುವಾಗುತ್ತವೆ. ನೀಟ್ ಪಾಸಾಗದವರಿಗೂ ಬಿಡಿಎಸ್ ಸೀಟು ಕೊಡಿಸುತ್ತೇವೆ ಅನ್ನುವವರ ಮಾತನ್ನು ಕೇಳಲೇಬೇಡಿ. ಮ್ಯಾನೇಜ್‌ಮೆಂಟ್ ಸೀಟಿಗೂ ನೀಟ್ ಬೇಕು, ಅದೂ ಕೌನ್ಸೆಲಿಂಗ್ ಮೂಲಕವೇ ಬರಬೇಕು. ಖಾಸಗಿ ಕಾಲೇಜಾದರೆ ಅದರ ಮಾನ್ಯತೆಯನ್ನು ದೇಶದ ದಂತವೈದ್ಯಕೀಯ ನಿಯಂತ್ರಣ ಸಂಸ್ಥೆಯ ಪಟ್ಟಿಯಲ್ಲಿ ನೋಡಿ. ಒಂದು ವರ್ಷದ ಫೀಸ್ ಕೇಳಿ ಒಪ್ಪಿಕೊಳ್ಳಬೇಡಿ. ನಾಲ್ಕು ವರ್ಷದ ಫೀಸ್, ಹಾಸ್ಟೆಲ್, ಊಟ, ಉಪಕರಣ, ಪರೀಕ್ಷಾ ಶುಲ್ಕ ಎಲ್ಲ ಕೂಡಿಸಿ ಬರೆದುಕೊಡಲು ಹೇಳಿ. ಹೊಸ ಡೆಂಟಿಸ್ಟ್‌ಗೆ ಮೊದಲ ವರ್ಷಗಳಲ್ಲಿ ಸಂಬಳ ಕಡಿಮೆ, ಸ್ವಂತ ಕ್ಲಿನಿಕ್‌ಗೆ ಇನ್ನೊಂದು ಸಾಲ. ತೋಟ ಅಡವಿಟ್ಟು ಸೀಟು ತೆಗೆದುಕೊಳ್ಳುವ ಮೊದಲು ಮನೆಯವರೆಲ್ಲ ಕೂತು ಇದನ್ನು ಮಾತಾಡಿ.

ಕಾಯುವ ವರ್ಷದಲ್ಲಿ

ಎರಡನೇ ಸಲ ಬರೆಯುವುದನ್ನು ನಾನು ಯಾವಾಗಲೂ ಬೆಂಬಲಿಸುತ್ತೇನೆ. ಮೂರನೇ ಸಲದ ವಿಷಯದಲ್ಲಿ ಮಾತ್ರ ನೇರವಾಗಿ ಹೇಳುತ್ತೇನೆ: ಎರಡನೇ ಸಲ ಮಾರ್ಕು ಚೆನ್ನಾಗಿ ಏರಿ, ಸ್ವಲ್ಪದರಲ್ಲಿ ತಪ್ಪಿದ್ದರೆ ಬರೆಯಿರಿ. ಮಾರ್ಕು ಅಲ್ಲೇ ನಿಂತಿದ್ದರೆ ಬೇರೆ ದಾರಿ ನೋಡಿ. ಅದೇ ನೀಟ್ ಮಾರ್ಕಿನಿಂದ ಆಯುರ್ವೇದಕ್ಕೂ ಅರ್ಜಿ ಹಾಕಬಹುದು. ಹಲ್ಲಿನ ಕೆಲಸವೇ ಇಷ್ಟ ಅನ್ನುವವರಿಗೆ ಡೆಂಟಲ್ ಹೈಜಿನಿಸ್ಟ್, ಡೆಂಟಲ್ ಮೆಕ್ಯಾನಿಕ್ ಡಿಪ್ಲೊಮಾಗಳಿವೆ.

ಸುಮ್ನೆ ಕೂರುವುದು ಬೇಡ ಅಂತ ಬಿಎಸ್ಸಿಗೆ ಸೇರುವವರೂ ಇದ್ದಾರೆ. ಸೇರಬಹುದು, ಆದರೆ ಅಟೆಂಡೆನ್ಸ್ ಮತ್ತು ಸೆಮಿಸ್ಟರ್ ಪರೀಕ್ಷೆ ನೀಟ್ ಓದನ್ನು ಮಾರ್ಚ್-ಏಪ್ರಿಲ್‌ನಲ್ಲೇ ಕಡಿಯುತ್ತವೆ. ಸೇರುವಾಗ ಒರಿಜಿನಲ್ ಟಿಸಿ, ಮಾರ್ಕ್ಸ್ ಕಾರ್ಡು ಕಾಲೇಜಿನ ಕೈಗೆ ಹೋಗುತ್ತವೆ. ಬಿಡಿಎಸ್ ಸೀಟು ಬಂದ ದಿನ ಅವು ಎರಡು-ಮೂರು ದಿನದಲ್ಲಿ ವಾಪಸ್ ಸಿಗುತ್ತವೆಯೇ, ಅದಕ್ಕೆ ಹಣ ಕಟ್ಟಬೇಕೇ ಎಂದು ಸೇರುವ ಮೊದಲೇ ಆಫೀಸಿನಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಿ. ಎಲ್ಲ ಒರಿಜಿನಲ್‌ಗಳ ಸ್ಕ್ಯಾನ್ ಪ್ರತಿ ಮತ್ತು ದೃಢೀಕರಿಸಿದ ಕೆಲವು ಪ್ರತಿಗಳು ಮನೆಯಲ್ಲಿ ಒಂದೇ ಫೈಲಿನಲ್ಲಿರಲಿ.